ನ್ಯಾಯಪೀಠಕ್ಕೆ ಮತ ಕೇಳುವ ನಾಡಿನಲ್ಲಿ

ಅಕ್ಟೋಬರ್ ಕೊನೆಯ ವಾರದಲ್ಲಿ ಷುಗರ್ ಲ್ಯಾಂಡ್ ಊರಿನ ರಸ್ತೆ ಬದಿಯಲ್ಲಿ ಹುಲ್ಲೇ ಕಾಣದಷ್ಟು ಬೋರ್ಡುಗಳು. ತಂತಿಯ ಎರಡು ಕಾಲುಗಳ ಮೇಲೆ ನಿಂತ ಮೊಣಕಾಲೆತ್ತರದ ಹಲಗೆಗಳು. ಕೆಂಪು, ನೀಲಿ, ಬಿಳಿ. 2022ನೇ ಇಸವಿ, ಟೆಕ್ಸಾಸಿನಲ್ಲಿ ಗವರ್ನರ್ ಚುನಾವಣೆಯ ವರ್ಷ. ತಂಗಿಯ ಮಗಳು ಕಾರು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದುತ್ತಿದ್ದೆ. ಒಂದು ತಿರುವಿನಲ್ಲಿ ಕಂಡ ಹೆಸರು ಸುರೇಂದ್ರನ್ ಕೆ. ಪಟ್ಟೇಲ್. ಅದರ ಜೊತೆಗೆ, ನ್ಯಾಯಾಧೀಶರ ಹುದ್ದೆಗೆ, 240ನೇ ಜಿಲ್ಲಾ ನ್ಯಾಯಾಲಯ.

"ನಿಲ್ಲಿಸು ಪುಟ್ಟಿ, ಒಮ್ಮೆ ನಿಲ್ಲಿಸು," ಎಂದೆ.

"ಏನಾಯ್ತು ದೊಡ್ಡಮ್ಮ?"

"ಜಡ್ಜಿಗೂ ಓಟಾ ಇಲ್ಲಿ?"

"ಎಲ್ಲ ಜಡ್ಜಿಗೂ ಓಟೇ. ನಿಮ್ಗೆ ಗೊತ್ತಿರ್ಲಿಲ್ವಾ?"

ಓದಿ ಗೊತ್ತಿತ್ತು. ಆದರೆ ತೀರ್ಪು ಬರೆಯುವ ಒಬ್ಬರ ಹೆಸರು ಪೆಟ್ರೋಲ್ ಬಂಕಿನ ಎದುರಿನ ಹುಲ್ಲಿನಲ್ಲಿ, ಗಾಳಿಗೆ ಅಲುಗಾಡುತ್ತ, ದಾರಿಹೋಕರ ಕಣ್ಣು ತನ್ನ ಮೇಲೆ ಬೀಳಲಿ ಎಂದು ಕಾದು ನಿಂತದ್ದನ್ನು ನೋಡಿದಾಗ ಮೈ ಜುಮ್ಮೆಂದಿತು. ನಾನು ಪುತ್ತೂರಿನ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ನಮ್ಮ ಕಡೆ ನ್ಯಾಯಾಧೀಶರೆಂದರೆ ಊರಿನೊಳಗಿದ್ದೂ ಊರಿಗೆ ಸೇರದ ಜನ. ಸ್ವಂತ ಊರಿನಲ್ಲಿ ಅವರಿಗೆ ಹುದ್ದೆ ಕೊಡುವುದಿಲ್ಲ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವರ್ಗ. ಮದುವೆ ಕಾಗದ ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಂಡು, ಮದುವೆಗೆ ಬಾರದೆ ಉಳಿಯುತ್ತಿದ್ದರು. ಜಾತ್ರೆಗೆ ಹೋದರೂ ಹಿಂದಿನ ಬಾಗಿಲಿಂದ ಹೋಗಿ ಕೈಮುಗಿದು ಬರುತ್ತಿದ್ದರು. ಜನರ ಜೊತೆ ಬೆರೆತರೆ ಮರುದಿನ ಅದೇ ಜನ ಕಟಕಟೆಯಲ್ಲಿ ಎದುರಾಗುತ್ತಾರಲ್ಲ ಎಂಬ ಎಚ್ಚರ. ಆ ದೂರವನ್ನು ನಾನು ಗೌರವಿಸಿದವಳು. ಅದೇ ಸರಿ ಎಂದು ನಂಬಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷ ಕಡತ ಕಟ್ಟಿದವಳು. ಇಲ್ಲಿ ಹುಲ್ಲಿನಲ್ಲಿ ನಿಂತ ಬೋರ್ಡು ಆ ನಂಬಿಕೆಯ ಬುಡವನ್ನೇ ಅಲುಗಿಸುತ್ತಿತ್ತು. ಟೆಕ್ಸಾಸಿನಲ್ಲಿ ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ನೋಡಬೇಕು ಎಂದು ಪುಟ್ಟಿಗೆ ಹೇಳಿದೆ.

ಆ ಹೆಸರೂ ನನ್ನನ್ನು ಹಿಡಿದು ನಿಲ್ಲಿಸಿತ್ತು. ಸುರೇಂದ್ರನ್ ಪಟ್ಟೇಲ್ ಕಾಸರಗೋಡು ಜಿಲ್ಲೆಯ ಬಳಾಲ್ ಕಡೆಯವರು. ಸುಳ್ಯದಿಂದ ಪಾಣತ್ತೂರು ದಾರಿ ಹಿಡಿದರೆ ಆ ಬೆಟ್ಟಗಳು ನಮಗೇನೂ ದೂರವಲ್ಲ. ಬಡಮನೆ. ಹತ್ತನೆಯ ತರಗತಿ ಮುಗಿದ ಮೇಲೆ ಓದು ನಿಲ್ಲಿಸಿ ಬೀಡಿ ಕಟ್ಟಲು ಕೂತ ಹುಡುಗ. ಬೀಡಿ ಎಂದರೇನೆಂದು ದಕ್ಷಿಣ ಕನ್ನಡದವರಿಗೆ ವಿವರಿಸಬೇಕಿಲ್ಲ. ಮಡಿಲಲ್ಲಿ ತಡಪೆ, ಅದರಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಕತ್ತರಿ, ನೂಲು. ಸಂಜೆಯ ಹೊತ್ತಿಗೆ ಲೆಕ್ಕ ಸರಿಯಾಗಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬರಬೇಕು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಕಾಲೇಜಿನ ಶುಲ್ಕ ಹೊರಟದ್ದು ಆ ತಡಪೆಯಿಂದಲೇ. ಈ ಹುಡುಗ ಮತ್ತೆ ಕಾಲೇಜಿಗೆ ಸೇರಿದರು. ಕೋಝಿಕ್ಕೋಡಿನಲ್ಲಿ ಕಾನೂನು ಓದುವಾಗ ಹೋಟೆಲಿನಲ್ಲಿ ಕೆಲಸ ಮಾಡಿದರು, ಹೊಸದುರ್ಗದ ನ್ಯಾಯಾಲಯದಲ್ಲಿ ವಕೀಲರಾದರು. ಮಲಯಾಳದಲ್ಲಿ ಆ ಊರು ಕಾಞ್ಞಂಗಾಡ್. ಪಟ್ಟೇಲರು 2007ರಲ್ಲಿ ನರ್ಸ್ ಕೆಲಸದ ಪತ್ನಿಯ ಜೊತೆ ಹ್ಯೂಸ್ಟನ್ನಿಗೆ ಬಂದರು. ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಟೆಕ್ಸಾಸಿನ ವಕೀಲರ ಪರೀಕ್ಷೆ ಮುಗಿಸಿದರು. ಅಮೆರಿಕದ ಪೌರತ್ವ ಸಿಕ್ಕಿದ್ದು 2017ರಲ್ಲಿ. 2020ರಲ್ಲಿ ಒಮ್ಮೆ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತರು. 2022ರಲ್ಲಿ ಹಾಲಿ ನ್ಯಾಯಾಧೀಶರನ್ನೇ ಪಕ್ಷದೊಳಗೆ ಸೋಲಿಸಿ ಅಂತಿಮ ಸುತ್ತಿಗೆ ಬಂದಿದ್ದರು. ಅವರ ಇಂಗ್ಲಿಷಿನ ಉಚ್ಚಾರಣೆಯನ್ನು ಆಡಿಕೊಂಡವರಿದ್ದರಂತೆ. ಸ್ವಂತ ಪಕ್ಷದಲ್ಲೇ ಗೆಲ್ಲುವುದು ಕಷ್ಟ ಎಂದವರೂ ಇದ್ದರಂತೆ. ಪೌರನಾಗಿ ಐದು ವರ್ಷಕ್ಕೆ ಒಬ್ಬ ಮನುಷ್ಯ ನ್ಯಾಯಪೀಠವನ್ನು ಜನರ ಕೈಯಿಂದ ಕೇಳುತ್ತಿದ್ದಾನೆ! ಕಾರಿನ ಕಿಟಕಿ ಇಳಿಸಿ ಆ ಬೋರ್ಡನ್ನು ಎಷ್ಟೋ ಹೊತ್ತು ನೋಡಿದೆ.

ಇಲ್ಲಿನ ಕ್ರಮ ಹೀಗಿದೆ. ಬಾಡಿಗೆ ತಕರಾರು, ಸಣ್ಣ ದಾವೆ ನೋಡುವ ಜಸ್ಟಿಸ್ ಆಫ್ ದಿ ಪೀಸ್‌ನಿಂದ ಹಿಡಿದು ರಾಜ್ಯದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳವರೆಗೆ ಹೆಚ್ಚುಕಡಿಮೆ ಎಲ್ಲರೂ ಚುನಾವಣೆಗೆ ನಿಲ್ಲಬೇಕು, ಅದೂ ಪಕ್ಷದ ಹೆಸರಿನಲ್ಲಿ. ಕ್ರಿಮಿನಲ್ ಮೇಲ್ಮನವಿಗೆ ಇನ್ನೊಂದು ಪ್ರತ್ಯೇಕ ಉಚ್ಚ ನ್ಯಾಯಾಲಯವಿದೆ, ಅಲ್ಲಿಯೂ ಒಂಬತ್ತು ಮಂದಿ, ಅವರಿಗೂ ಮತವೇ. ಜಿಲ್ಲಾ ನ್ಯಾಯಾಧೀಶರ ಅವಧಿ ನಾಲ್ಕು ವರ್ಷ, ಮೇಲಿನ ನ್ಯಾಯಾಲಯಗಳಲ್ಲಿ ಆರು. ನಡುವೆ ಜಿಲ್ಲಾ ಪೀಠ ತೆರವಾದರೆ ಗವರ್ನರ್ ನೇಮಿಸುತ್ತಾರೆ, ಆದರೆ ಮುಂದಿನ ಚುನಾವಣೆಯಲ್ಲಿ ಆ ವ್ಯಕ್ತಿ ಜನರೆದುರು ಬರಲೇಬೇಕು. ಜಸ್ಟಿಸ್ ಆಫ್ ದಿ ಪೀಸ್ ಹುದ್ದೆಗೆ ಕಾನೂನು ಪದವಿಯೂ ಬೇಕಿಲ್ಲ. ಅಮೆರಿಕದ ಕೇಂದ್ರ ನ್ಯಾಯಾಲಯಗಳ ವಿಷಯ ಬೇರೆ: ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಅವರು ಜೀವಮಾನವಿಡೀ ನ್ಯಾಯಾಧೀಶರು. ಒಂದೇ ಊರಿನ ಎರಡು ಕಟ್ಟಡಗಳಲ್ಲಿ ಎರಡು ಲೋಕ. ಇದನ್ನೆಲ್ಲ ಪುಟ್ಟಿಯ ಗಂಡ ಊಟದ ಮೇಜಿನಲ್ಲಿ ವಿವರಿಸುತ್ತಿದ್ದಾಗ ನಾನು ಅನ್ನ ಕಲಸುವುದನ್ನೇ ನಿಲ್ಲಿಸಿದ್ದು ಅವನ ಇನ್ನೊಂದು ಮಾತಿಗೆ. ಜಿಲ್ಲಾ ನ್ಯಾಯಾಲಯದ ಕಡತ, ದಾಖಲೆಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಕ್ಲರ್ಕ್ ಕೂಡ ಚುನಾಯಿತ ಹುದ್ದೆ. ವಾರಂಟ್ ಜಾರಿ ಮಾಡುವ ಕಾನ್‌ಸ್ಟೇಬಲ್, ಸರ್ಕಾರದ ಪರ ವಾದಿಸುವ ಅಟಾರ್ನಿ, ಶೆರಿಫ್ ಎಲ್ಲರೂ ಮತ ಕೇಳಿ ಬಂದವರು. ನಮ್ಮ ಕೋರ್ಟಿನಲ್ಲಿ ಅಮೀನನಿಂದ ಶಿರಸ್ತೇದಾರರವರೆಗೆ ಇದ್ದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಇದು ಟೆಕ್ಸಾಸಿನವರು ತಾವೇ ಹುಟ್ಟಿಸಿದ ಪದ್ಧತಿಯಲ್ಲ. ಎಲ್ಲ ನ್ಯಾಯಾಧೀಶರನ್ನೂ ಮತದಿಂದ ಆರಿಸುವ ಕ್ರಮವನ್ನು ಮೊದಲು ತಂದದ್ದು ಮಿಸಿಸಿಪಿ, 1832ರಲ್ಲಿ. ಗವರ್ನರುಗಳ ಮತ್ತು ಶ್ರೀಮಂತರ ಕೃಪೆಯಿಂದ ಪೀಠ ಏರಿದವರು ಜನಸಾಮಾನ್ಯರಿಗೆ ನ್ಯಾಯ ಕೊಡುವುದಿಲ್ಲ ಎಂಬ ಸಿಟ್ಟು ಅದರ ಹಿಂದಿತ್ತು. 1846ರಲ್ಲಿ ನ್ಯೂಯಾರ್ಕ್ ಸೇರಿಕೊಂಡ ಮೇಲೆ ಅದು ಹಬ್ಬಿತು. ಅಂತರ್ಯುದ್ಧದ ನಂತರದ ಆಡಳಿತದ ಮೇಲಿನ ಅಪನಂಬಿಕೆಯಲ್ಲಿ ಟೆಕ್ಸಾಸಿನವರು 1876ರ ಸಂವಿಧಾನ ಬರೆದರು. ನ್ಯಾಯಾಧೀಶರ ಆಯ್ಕೆಯನ್ನು ಗವರ್ನರನ ಕೈಯಿಂದ ಕಿತ್ತು ಮತದಾರನ ಕೈಗೆ ಕೊಟ್ಟರು. ಇವತ್ತಿಗೂ ಅದೇ ಸಂವಿಧಾನ.

ಆ ವರ್ಷ ಮುಂಗಡ ಮತದಾನ ಶುರುವಾದದ್ದು ಅಕ್ಟೋಬರ್ 24ರಂದು, ದೀಪಾವಳಿಯ ದಿನವೇ. ನವೆಂಬರ್ 4ರವರೆಗೆ ಯಾರು ಬೇಕಾದರೂ ತಮಗೆ ಅನುಕೂಲವಾದ ಹೊತ್ತಿಗೆ ಹೋಗಿ ಮತ ಹಾಕಬಹುದು. ಮುಖ್ಯ ದಿನ ನವೆಂಬರ್ 8. ಪುಟ್ಟಿಯ ಸಹೋದ್ಯೋಗಿಯೊಬ್ಬರು ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ ಸಿವಿಲ್ ಕೋರ್ಟಿಗೆ ನಿಂತ ಒಬ್ಬ ವಕೀಲೆಯ ಪರ ಕೆಲಸ ಮಾಡುತ್ತಿದ್ದರು. ಅವರ ಜೊತೆ ನಾನೂ ಹೊರಟೆ. ಆ ವಕೀಲೆಯ ಹೆಸರನ್ನೂ ಪಕ್ಷವನ್ನೂ ಬರೆಯುವುದಿಲ್ಲ. ಊರಿಗೆ ಬಂದ ಅಪರಿಚಿತಳೊಬ್ಬಳಿಗೆ ತಮ್ಮ ಪಕ್ಕದಲ್ಲಿ ನಿಲ್ಲಲು ಬಿಟ್ಟ ಹೆಣ್ಣುಮಗಳು ಎಂದಷ್ಟೇ ಸಾಕು.

ಹ್ಯೂಸ್ಟನ್ನಿನ ವೆಸ್ಟ್ ಗ್ರೇ ರಸ್ತೆಯ ಮಲ್ಟಿ-ಸರ್ವಿಸ್ ಸೆಂಟರ್ ಮುಂಗಡ ಮತದಾನಕ್ಕೆ ಹೆಸರಾದ ಜಾಗ. ವಾಹನ ನಿಲ್ದಾಣದ ಅಂಚಿನುದ್ದಕ್ಕೂ ಬಟ್ಟೆಯ ಚಪ್ಪರಗಳು, ಮಡಚುವ ಕುರ್ಚಿ, ನೀರಿನ ಬಾಟಲಿಗಳು. ಅಲ್ಲಿ ನಿಂತವರಲ್ಲಿ ಹಾಲಿ ನ್ಯಾಯಾಧೀಶರಿದ್ದರು, ಅವರ ಎದುರಾಳಿಗಳಿದ್ದರು, ಎರಡೂ ಪಕ್ಷದವರಿದ್ದರು. ಕಪ್ಪು ನಿಲುವಂಗಿ ಹಾಕಿ ಪೀಠದಲ್ಲಿ ಕೂರುವ ಮನುಷ್ಯ ಅಂಗಿಯ ತೋಳು ಮಡಚಿ, ಹಣೆಯ ಬೆವರು ಒರೆಸಿಕೊಳ್ಳುತ್ತ, ಕಾರಿನಿಂದ ಇಳಿದ ಅಜ್ಜಿಯೊಬ್ಬರಿಗೆ ಕೈಚೀಟಿ ಕೊಟ್ಟು "ದಯವಿಟ್ಟು ಕೊನೆಯವರೆಗೂ ಮತ ಹಾಕಿ" ಎನ್ನುತ್ತಿದ್ದರು. ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಆಡುತ್ತಿದ್ದ ಆಸ್ಟ್ರೋಸ್ ತಂಡದ ಕಿತ್ತಳೆ ಬಣ್ಣದ ಅಂಗಿಗಳಲ್ಲಿ ಮತದಾರರು ಬರುತ್ತಿದ್ದರು. ಮತಗಟ್ಟೆಯ ಬಾಗಿಲಿನಿಂದ 100 ಅಡಿಗೆ ಒಂದು ಫಲಕ. ಅದರಿಂದ ಒಳಗೆ ಒಂದು ಮಾತು ಪ್ರಚಾರ ಮಾಡುವಂತಿಲ್ಲ, ಮೊಬೈಲ್ ಬಳಸುವಂತಿಲ್ಲ. ಅಲ್ಲಿ ಕಾವಲುಗಾರನೇನೂ ನಿಂತಿರಲಿಲ್ಲ. ಆದರೂ ಅಷ್ಟು ಜನ ಉಮೇದುವಾರರಲ್ಲಿ ಒಬ್ಬರ ಕಾಲೂ ಆ ಗೆರೆ ದಾಟಿದ್ದನ್ನು ನಾನು ಕಾಣಲಿಲ್ಲ.

"ಕೊನೆಯವರೆಗೂ" ಎಂದು ಅವರು ಬೇಡಿಕೊಳ್ಳುವುದಕ್ಕೆ ಕಾರಣವಿದೆ. ಹ್ಯಾರಿಸ್ ಕೌಂಟಿಯ ಜನಸಂಖ್ಯೆ 2020ರ ಗಣತಿಯಲ್ಲಿ 47 ಲಕ್ಷ ದಾಟಿತ್ತು. ಅಷ್ಟು ಜನಕ್ಕೆ ತಕ್ಕಷ್ಟು ಕೋರ್ಟುಗಳು, ಅಷ್ಟೂ ಕೋರ್ಟಿಗೆ ಚುನಾವಣೆ. ಮತಪತ್ರದಲ್ಲಿ ಗವರ್ನರ್ ಮೊದಲಾದವರ ಹೆಸರು ಮುಗಿದ ಮೇಲೆ ನ್ಯಾಯಾಧೀಶರ ಹೆಸರುಗಳು ಪುಟಗಟ್ಟಲೆ ಬರುತ್ತವೆ. ಮೊದಲು ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ಮತ ಹಾಕಬಹುದಿತ್ತು. 2020ರಿಂದ ಅದನ್ನು ತೆಗೆದರು, ಈಗ ಒಂದೊಂದು ಹುದ್ದೆಗೂ ಬೇರೆ ಬೇರೆ ಆರಿಸಬೇಕು. ನಡುವೆ ಬೇಸತ್ತು ಹೊರಡುವವರೂ ಇದ್ದಾರೆ. ಕೈಬರಹದ ಚೀಟಿ ಒಯ್ಯಲು ಅಡ್ಡಿಯಿಲ್ಲ. ಹಿರಿಯ ದಂಪತಿಯೊಂದು ನೋಟುಪುಸ್ತಕದ ಹಾಳೆಯಲ್ಲಿ ಸಾಲು ಸಾಲಾಗಿ ಹೆಸರು ಬರೆದುಕೊಂಡು ಬಂದಿತ್ತು. ವಕೀಲರ ಸಂಘದವರು ನ್ಯಾಯಾಧೀಶರ ಬಗ್ಗೆ ನಡೆಸುವ ಮತಸಂಗ್ರಹ, ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆಯ ಶಿಫಾರಸು, ಲೀಗ್ ಆಫ್ ವಿಮೆನ್ ವೋಟರ್ಸ್ ಹೊರತರುವ ಕೈಪಿಡಿ ಮೂರನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಕೂತಿದ್ದೆವು ಎಂದರು ಆ ಗಂಡ. ಎರಡು ಸಂಜೆ, ತಾವು ಎಂದೂ ಮೆಟ್ಟಿಲು ಹತ್ತದಿರಬಹುದಾದ ಕೋರ್ಟುಗಳ ನ್ಯಾಯಾಧೀಶರಿಗಾಗಿ! ಪ್ರಜಾಪ್ರಭುತ್ವ ಎಂಬ ಮಾತನ್ನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ಅದರ ದುಡಿಮೆ ಹೇಗಿರುತ್ತದೆಂದು ಕಂಡದ್ದು ಆ ಹಾಳೆಯಲ್ಲಿ.

ಇನ್ನು ನಮ್ಮ ವಕೀಲೆಯ ವಿಷಯ. ಬಾಡಿಗೆದಾರರ ಕೇಸುಗಳಲ್ಲಿ ಪಳಗಿದವರು. ಅಗಲ ಅಂಚಿನ ಟೋಪಿ, ಓಟದ ಬೂಟು, ಬಗಲಲ್ಲಿ ಕೈಚೀಟಿಯ ಕಟ್ಟು. ಬೆಳಿಗ್ಗೆಯಿಂದ ನಿಂತು ದನಿ ಒಡೆದಿತ್ತು. ಲಾರಿ ಚಾಲಕರಂತೆ ಕಾಣುತ್ತಿದ್ದ ಒಬ್ಬರು ಚೀಟಿ ತಿರುಗಿಸಿ ನೋಡಿ ನೇರವಾಗಿ ಕೇಳಿದರು: ಮನೆ ಖಾಲಿ ಮಾಡಿಸುವ ದಾವೆ ಬಂದರೆ ನೀವು ಯಾರ ಕಡೆ?

"ಯಾರ ಕಡೆಯೂ ಇಲ್ಲ," ಎಂದರು ಆಕೆ. "ಕಡತ ಓದಿಕೊಂಡು ಬರುತ್ತೇನೆ. ಹೊತ್ತಿಗೆ ಸರಿಯಾಗಿ ಪೀಠದಲ್ಲಿರುತ್ತೇನೆ. ಇಬ್ಬರಿಗೂ ಮಾತಾಡಲು ಬಿಡುತ್ತೇನೆ."

"ಅದನ್ನು ಎಲ್ಲರೂ ಹೇಳ್ತಾರೆ."

"ಹೌದು. ಇದಕ್ಕಿಂತ ಹೆಚ್ಚು ಹೇಳುವವರಿಗೆ ಮತ ಹಾಕಬೇಡಿ."

ಆ ಮನುಷ್ಯ ಒಂದು ಗಳಿಗೆ ಸುಮ್ಮನೆ ನಿಂತು, ತಲೆ ಆಡಿಸಿ ಒಳಗೆ ಹೋದರು. ಮತ ಯಾರಿಗೆ ಹಾಕಿದರೋ. ನಾನು ಮಾತ್ರ ಆ ಉತ್ತರದ ಗುಂಗಿನಿಂದ ಈವತ್ತಿಗೂ ಹೊರಬಂದಿಲ್ಲ. ಟೆಕ್ಸಾಸಿನ ನ್ಯಾಯಾಧೀಶರ ನೀತಿಸಂಹಿತೆಯ ಪ್ರಕಾರ ಉಮೇದುವಾರರು ಮುಂದೆ ತಮ್ಮೆದುರು ಬರಬಹುದಾದ ಪ್ರಕರಣಗಳ ಬಗ್ಗೆ ಯಾವ ಆಶ್ವಾಸನೆಯನ್ನೂ ಕೊಡುವಂತಿಲ್ಲ. ಆಶ್ವಾಸನೆಯಿಲ್ಲದ ಚುನಾವಣೆಯನ್ನು ನಾನು ಕಲ್ಪಿಸಿಕೊಂಡೂ ಇರಲಿಲ್ಲ. ರಸ್ತೆ ಮಾಡಿಸುತ್ತೇನೆ, ನೀರು ತರುತ್ತೇನೆ, ಮನೆ ಕೊಡಿಸುತ್ತೇನೆ ಎಂಬ ಮಾತಿಲ್ಲದೆ ಒಬ್ಬರು ಜನರೆದುರು ಬಂದು, "ನಿನಗೆ ಏನನ್ನೂ ಕೊಡಲಾರೆ, ನಿನ್ನ ಮಾತನ್ನು ಪೂರ್ತಿ ಕೇಳುತ್ತೇನೆ" ಎಂದಷ್ಟೇ ಹೇಳಿ ಮತ ಕೇಳುವುದು! ಅದಕ್ಕಿಂತ ಬಡವಾದ, ಅದಕ್ಕಿಂತ ಘನವಾದ ಚುನಾವಣಾ ಭಾಷಣವನ್ನು ನಾನು ಕೇಳಿಲ್ಲ.

ಮಧ್ಯಾಹ್ನ ಚಪ್ಪರದ ನೆರಳಿನಲ್ಲಿ ಸ್ಯಾಂಡ್‌ವಿಚ್ ತಿನ್ನುವಾಗ ಕೇಳಿದೆ, ಸೋತರೆ ಏನು ಮಾಡುತ್ತೀರಿ ಎಂದು. ಎರಡು ಚಪ್ಪರದಾಚೆ ನಿಂತಿದ್ದ ಹಾಲಿ ನ್ಯಾಯಾಧೀಶರ ಕಡೆ ಕಣ್ಣು ಹಾಯಿಸಿ ಆಕೆ ಹೇಳಿದರು: "ಮರುವಾರ ಅವರ ಮುಂದೆಯೇ ನನ್ನ ಕಕ್ಷಿದಾರರ ಪರ ನಿಲ್ಲಬೇಕು. ಅವರು ನನಗೆ ನ್ಯಾಯ ಮಾಡುತ್ತಾರೆಂಬ ನಂಬಿಕೆಯಿದೆ. ಇಲ್ಲದಿದ್ದರೆ ಈ ಊರಿನಲ್ಲಿ ವಕೀಲಿಕೆ ಮಾಡುವುದು ಹೇಗೆ?" ಸ್ವಲ್ಪ ಹೊತ್ತಿಗೆ ಆ ನ್ಯಾಯಾಧೀಶರೇ ಬಂದು ಐಸ್ ಪೆಟ್ಟಿಗೆಯಿಂದ ನೀರಿನ ಬಾಟಲಿ ಕೊಟ್ಟು ಹೋದರು.

ಇಷ್ಟಕ್ಕೇ ನಾನು ಮನಸೋತು ಬಂದುಬಿಡುತ್ತಿದ್ದೆ. ಆದರೆ ದುಡ್ಡಿನ ಮಾತು ಬಂತು. ಬೋರ್ಡು, ಕೈಚೀಟಿ, ಅಂಚೆ, ಜಾಹೀರಾತು ಇವಕ್ಕೆಲ್ಲ ಹಣ ಕೊಡುವವರು ಹೆಚ್ಚಾಗಿ ಯಾರು? ವಕೀಲರು. ನಾಳೆ ಅದೇ ನ್ಯಾಯಾಧೀಶರ ಮುಂದೆ ವಾದಿಸುವವರು. 1987ರಲ್ಲಿ ಸಿಬಿಎಸ್ ವಾಹಿನಿಯ 60 ಮಿನಿಟ್ಸ್ ಕಾರ್ಯಕ್ರಮ ಟೆಕ್ಸಾಸಿನಲ್ಲಿ ನ್ಯಾಯ ಮಾರಾಟಕ್ಕಿದೆಯೇ ಎಂದು ದೇಶದ ಮುಂದೆ ಕೇಳಿ ರಾಜ್ಯದ ಮಾನ ಹರಾಜಿಗಿಟ್ಟಿತ್ತು. 1995ರಲ್ಲಿ ನ್ಯಾಯಾಧೀಶರ ಚುನಾವಣಾ ದೇಣಿಗೆಗೆ ಮಿತಿ ಹಾಕುವ ಕಾನೂನು ಬಂತು. ಕೊಟ್ಟವರ ಹೆಸರು, ಮೊತ್ತ ಎಲ್ಲವನ್ನೂ ಬಹಿರಂಗವಾಗಿ ದಾಖಲಿಸಬೇಕು, ಯಾರು ಬೇಕಾದರೂ ತೆಗೆದು ನೋಡಬಹುದು. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯೊಂದರ ಮುಖ್ಯಸ್ಥರು ಒಬ್ಬರನ್ನು ರಾಜ್ಯದ ಉಚ್ಚ ನ್ಯಾಯಪೀಠಕ್ಕೆ ಗೆಲ್ಲಿಸಲು 30 ಲಕ್ಷ ಡಾಲರ್ ಸುರಿದರು. ಆ ನ್ಯಾಯಮೂರ್ತಿ ಅದೇ ಕಂಪನಿಯ ಪ್ರಕರಣದಿಂದ ಹಿಂದೆ ಸರಿಯಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಬೇಕಾಯಿತು. ನಮ್ಮ ಕೋರ್ಟಿನಲ್ಲಿ ವಕೀಲರಿಂದ ದೀಪಾವಳಿಯ ಸಿಹಿ ಪೆಟ್ಟಿಗೆಯನ್ನೂ ಮುಟ್ಟದ ನ್ಯಾಯಾಧೀಶರ ಕೈಕೆಳಗೆ ಕೆಲಸ ಮಾಡಿದ ನನಗೆ ಈ ದೇಣಿಗೆಯ ಪಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಇಳಿದಿಲ್ಲ.

ಪಕ್ಷದ ಗಾಳಿಯೂ ಹಾಗೇ. 2018ರಲ್ಲಿ ಹ್ಯಾರಿಸ್ ಕೌಂಟಿಯ ನ್ಯಾಯಾಧೀಶರ ಸ್ಥಾನಗಳನ್ನೆಲ್ಲ ಒಂದೇ ಪಕ್ಷ ಬಾಚಿಕೊಂಡಿತು. ಅಂದು ಗೆದ್ದವರಲ್ಲಿ 17 ಮಂದಿ ಕಪ್ಪು ಮಹಿಳೆಯರು. ನ್ಯಾಯಪೀಠದ ಬಣ್ಣವೇ ಬದಲಾಯಿತೆಂದು ಅವರೆಲ್ಲ ಒಟ್ಟಿಗೆ ನಿಂತ ಚಿತ್ರ ಲೋಕವನ್ನೆಲ್ಲ ಸುತ್ತಿತು. ಅದೇ ಗಾಳಿಯಲ್ಲಿ ಅನುಭವಿಗಳಾದ ಎಷ್ಟೋ ನ್ಯಾಯಾಧೀಶರು, ತಮ್ಮ ಒಂದು ತೀರ್ಪನ್ನೂ ಮತದಾರರು ಓದದೆ, ಹೊರಬಿದ್ದರು. ಟೆಕ್ಸಾಸ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಟಾಮ್ ಫಿಲಿಪ್ಸ್ ಮತ್ತು ವಾಲೆಸ್ ಜೆಫರ್ಸನ್ ಇಬ್ಬರೂ ಪಕ್ಷದ ಗುರುತಿನ ಈ ಚುನಾವಣೆ ಬೇಡವೆಂದು ಬಹಿರಂಗವಾಗಿ ವಾದಿಸಿದವರು. ಇಬ್ಬರೂ ಅದೇ ಚುನಾವಣೆಯಲ್ಲಿ ಗೆದ್ದವರು. ಜೆಫರ್ಸನ್ ಆ ಪೀಠದ ಮೊದಲ ಕಪ್ಪು ಮುಖ್ಯ ನ್ಯಾಯಮೂರ್ತಿ. ಅವರ ಪೂರ್ವಜರೊಬ್ಬರು ವೇಕೋ ಊರಿನಲ್ಲಿ ಒಬ್ಬ ನ್ಯಾಯಾಧೀಶರ ಗುಲಾಮರಾಗಿದ್ದರು.

ಅಂಥ ಗುಲಾಮಗಿರಿಯ ನೆಲವೊಂದನ್ನು ನೋಡಲೆಂದೇ ರಿಚ್ಮಂಡಿಗೆ ಹೋದೆವು. ಬ್ರಾಜೋಸ್ ನದಿಯ ದಂಡೆಯ ಊರು, ಷುಗರ್ ಲ್ಯಾಂಡ್ ಸೇರಿದ ಫೋರ್ಟ್ ಬೆಂಡ್ ಕೌಂಟಿಯ ಕೇಂದ್ರ. ದಾರಿಯಲ್ಲಿ ಷುಗರ್ ಲ್ಯಾಂಡಿನ ಹಳೆಯ ಇಂಪೀರಿಯಲ್ ಸಕ್ಕರೆ ಕಾರ್ಖಾನೆಯ ಕೆಂಪು ಇಟ್ಟಿಗೆಯ ಕಟ್ಟಡ ಸಿಗುತ್ತದೆ. ಗುಲಾಮಗಿರಿ ನಿಂತ ಮೇಲೆ ಈ ಕಬ್ಬಿನ ಗದ್ದೆಗಳಲ್ಲಿ ದುಡಿದವರು ಕೈದಿಗಳು. ಸರ್ಕಾರ ಕೈದಿಗಳನ್ನು ತೋಟದ ಮಾಲೀಕರಿಗೆ ಗುತ್ತಿಗೆಗೆ ಕೊಡುತ್ತಿತ್ತು. ಹೆಚ್ಚಿನವರು ಕಪ್ಪು ಜನ. 2018ರಲ್ಲಿ ಶಾಲೆಗಾಗಿ ನೆಲ ಅಗೆದಾಗ 95 ಮಂದಿಯ ಅಸ್ಥಿಗಳು ಸಿಕ್ಕವು. ಹೆಸರಿಲ್ಲ, ಕಲ್ಲಿಲ್ಲ. ಒಬ್ಬೊಬ್ಬರಿಗೂ ಯಾವುದೋ ಕೋರ್ಟು ಶಿಕ್ಷೆ ವಿಧಿಸಿರಬೇಕು, ಯಾವುದೋ ಗುಮಾಸ್ತ ಆ ಆದೇಶವನ್ನು ಪುಸ್ತಕದಲ್ಲಿ ನಕಲು ಮಾಡಿರಬೇಕು. ಆದೇಶಗಳನ್ನು ನಕಲು ಮಾಡಿಯೇ ಜೀವ ಸವೆಸಿದ ನನಗೆ ಅಲ್ಲಿ ಮಾತು ಹೊರಡಲಿಲ್ಲ.

ರಿಚ್ಮಂಡಿನ ಗುಮ್ಮಟದ ಕೋರ್ಟು ಕಟ್ಟಡ 1909ರದು. ಒಳಗೆ ನಿಂತು ತಲೆ ಎತ್ತಿದರೆ ಬೆಳಕು ಮೇಲಿನಿಂದ ಸುರಿಯುತ್ತದೆ. ಈ ಊರಿನಲ್ಲಿ 1889ರಲ್ಲಿ ಅಧಿಕಾರಕ್ಕಾಗಿ ಹಗಲಿನಲ್ಲೇ ಗುಂಡು ಹಾರಿತ್ತು. ಅಂತರ್ಯುದ್ಧದ ನಂತರ ಇಲ್ಲಿ ಕಪ್ಪು ಜನರೇ ಬಹುಸಂಖ್ಯಾತ ಮತದಾರರು. 1869ರಲ್ಲಿ ವಾಲ್ಟರ್ ಬರ್ಟನ್ ಎಂಬ, ಗುಲಾಮರಾಗಿ ಬಂದವರು ಶೆರಿಫ್ ಆಗಿ ಆಯ್ಕೆಯಾಗಿದ್ದರು. ಅದನ್ನು ಸಹಿಸದ ಬಿಳಿಯರ ಬಣ ಜೇಬರ್ಡ್ ಎಂಬ ಹೆಸರಿನಲ್ಲಿ ಗುಂಪು ಕಟ್ಟಿತು. ಆ ಕಾಳಗದ ನಂತರ ಜೇಬರ್ಡ್ ಸಂಘದವರು ಮಾಡಿದ ಉಪಾಯ ಇದು: ಪಕ್ಷದ ಚುನಾವಣೆಗೂ ಮುಂಚೆ ಬಿಳಿಯರಷ್ಟೇ ಸೇರಿ ತಮ್ಮದೇ ಒಂದು ಚುನಾವಣೆ ನಡೆಸುವುದು. ಅಲ್ಲಿ ಗೆದ್ದವನು ಮುಂದೆ ಎಲ್ಲ ಕಡೆ ಗೆಲ್ಲುತ್ತಿದ್ದ. ಕಪ್ಪು ಜನರಿಗೆ ಮತದ ಹಕ್ಕು ಕಾಗದದಲ್ಲಿತ್ತು, ಫಲಿತಾಂಶ ಮಾತ್ರ ಅವರ ಮತಕ್ಕೆ ಮೊದಲೇ ಬಂದಿರುತ್ತಿತ್ತು. 60 ವರ್ಷಕ್ಕೂ ಮೇಲ್ಪಟ್ಟು ಹೀಗೆ ನಡೆಯಿತು. ಆರಿಜೋನಾ ಫ್ಲೆಮಿಂಗ್ ಎಂಬ, ಬಟ್ಟೆ ಹೊಲಿದು ಬದುಕಿದ ಹೆಣ್ಣುಮಗಳು, ವಿಲ್ಲಿ ಮೆಲ್ಟನ್ ಎಂಬ ರೈತ ಮತ್ತು ಅವರ ಜೊತೆಗಾರರು ಕೋರ್ಟಿಗೆ ಹೋದರು. 1953ರ ಮೇ ತಿಂಗಳಲ್ಲಿ ಟೆರಿ ವಿರುದ್ಧ ಆಡಮ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೇಬರ್ಡ್ ಚುನಾವಣೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಹಾಗೆಂದ ನ್ಯಾಯಮೂರ್ತಿಗಳಲ್ಲಿ ಯಾರೂ ಮತ ಕೇಳಿ ಆ ಪೀಠಕ್ಕೆ ಬಂದವರಲ್ಲ. ಇದನ್ನು ಮರೆಯಬಾರದು. ಜನರ ಮತದ ಹಕ್ಕನ್ನು ಉಳಿಸಿಕೊಟ್ಟದ್ದು ಜನರ ಮತದ ಹಂಗಿಲ್ಲದ ಪೀಠ.

ಅದೇ ಕೌಂಟಿಯಲ್ಲಿ ಈಗ ಬೇರೆ ಗಾಳಿ. ಕೇರಳ ಮೂಲದ ಜೂಲಿ ಮ್ಯಾಥ್ಯೂ 2018ರಲ್ಲಿ ಕೌಂಟಿ ನ್ಯಾಯಾಲಯದ ಪೀಠ ಗೆದ್ದರು. ಹೊಸ ಜಸ್ಟಿಸ್ ಸೆಂಟರ್ ಕಟ್ಟಡದಲ್ಲಿ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕೂತೆವು. ಕಲಾಪ ನೋಡಲು ಯಾರು ಬೇಕಾದರೂ ಹೋಗಬಹುದು. ಸಿವಿಲ್ ದಾವೆ, ಆದರೂ ಜ್ಯೂರಿ. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಕ್ರಿಮಿನಲ್ ಪ್ರಕರಣಗಳಿಂದ ಜ್ಯೂರಿ ಮಾಯವಾಗಿತ್ತು. ನಾನು ಕಂಡದ್ದು ಇದೇ ಮೊದಲು. ಕರೆದ ಹೆಸರುಗಳಲ್ಲಿ ಗಾರ್ಸಿಯಾ ಇತ್ತು, ನುಯೆನ್ ಇತ್ತು, ಷಾ ಇತ್ತು, ವಾಷಿಂಗ್ಟನ್ ಇತ್ತು. ಜ್ಯೂರಿಯವರು ಒಳಬರುವಾಗ ದಫೇದಾರ ಎಲ್ಲರಿಗೂ ಎದ್ದು ನಿಲ್ಲಲು ಹೇಳಿದ. ವಕೀಲರು ಎದ್ದರು, ಕಕ್ಷಿದಾರರು ಎದ್ದರು. ಪೀಠದ ಮೇಲಿದ್ದ ನ್ಯಾಯಾಧೀಶರೂ ಎದ್ದು ನಿಂತರು. ಊರಿನ ಅಂಗಡಿಯವರಿಗೆ, ಮೇಷ್ಟ್ರುಗಳಿಗೆ, ನರ್ಸುಗಳಿಗೆ ನ್ಯಾಯಪೀಠ ಎದ್ದು ನಿಂತಿತು! ಜೀವನವಿಡೀ ನ್ಯಾಯಾಧೀಶರು ಬಂದಾಗ ಎದ್ದು ನಿಂತ ನನ್ನ ಕಣ್ಣು ತುಂಬಿದವು.

ನವೆಂಬರ್ 8ರ ರಾತ್ರಿ ಪುಟ್ಟಿಯ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ಬೀಡಿ ಕಟ್ಟಿದ ಹುಡುಗ ಗೆದ್ದರು. 2023ರ ಜನವರಿ 1ರಂದು ಪ್ರಮಾಣವಚನ ಸ್ವೀಕರಿಸಿದರು. ನಮ್ಮ ವಕೀಲೆ ಸೋತರು. ಮರುವಾರ ಮಾಮೂಲಿನಂತೆ ಕೋರ್ಟಿಗೆ ಹೋದರೆಂದು ಆಮೇಲೆ ತಿಳಿಯಿತು. ಹ್ಯಾರಿಸ್ ಕೌಂಟಿಯಲ್ಲಿ ಕೆಲವು ಮತಗಟ್ಟೆಗಳಲ್ಲಿ ಮತಪತ್ರದ ಕಾಗದವೇ ಸಾಲದೆ ಹೋಯಿತು. ಸೋತ ನ್ಯಾಯಾಧೀಶ ಅಭ್ಯರ್ಥಿಗಳು ಹಲವರು ಫಲಿತಾಂಶ ಪ್ರಶ್ನಿಸಿ ದಾವೆ ಹೂಡಿದರು. ನ್ಯಾಯಾಧೀಶರ ಚುನಾವಣೆಯ ನ್ಯಾಯ ಹೇಳಲು ಬೇರೆ ಕೌಂಟಿಯಿಂದ ಹಿರಿಯ ನ್ಯಾಯಾಧೀಶರೊಬ್ಬರು ಬರಬೇಕಾಯಿತು. ಹೆಚ್ಚಿನ ದಾವೆಗಳು ಅವರ ಮುಂದೆ ನಿಲ್ಲಲಿಲ್ಲ. 449 ಮತಗಳ ಅಂತರದ ಒಂದು ಸ್ಥಾನಕ್ಕೆ ಮಾತ್ರ 2024ರ ಮೇ ತಿಂಗಳಲ್ಲಿ ಮರುಚುನಾವಣೆಗೆ ಆದೇಶಿಸಿದರು. ಒಂದು ಪೀಠ ಅಷ್ಟು ಸಣ್ಣ ಅಂತರದಲ್ಲಿ ತೂಗುತ್ತದೆ ಎಂಬುದನ್ನು ವೆಸ್ಟ್ ಗ್ರೇ ರಸ್ತೆಯಲ್ಲಿ ಕೈಚೀಟಿ ಹಿಡಿದು ನಿಂತವರು ಮೊದಲೇ ಬಲ್ಲವರಾಗಿದ್ದರು.

ನಮ್ಮ ಊರಿಗೆ ಈ ಚುನಾವಣೆ ಬರಲಿ ಎಂದು ನಾನು ಹೇಳಲಾರೆ. ಪಕ್ಷದ ಬಾವುಟದ ಕೆಳಗೆ, ವಕೀಲರ ಹಣದಲ್ಲಿ ನ್ಯಾಯಾಧೀಶರು ಆರಿಸಿ ಬರುವುದು ತಪ್ಪು ಎಂದೇ ನನ್ನ ತೀರ್ಮಾನ. ನಮ್ಮಲ್ಲಿ ಜಾತಿಯೂ ಸೇರಿಕೊಂಡರೆ ಅದು ಇನ್ನೂ ಕೆಡುತ್ತದೆ. ಆದರೆ ಪೀಠಕ್ಕೂ ಜನಕ್ಕೂ ನಡುವೆ ನಾವು ಕಾಪಾಡಿಕೊಂಡ ದೂರವೆಲ್ಲ ಪುಣ್ಯವೆಂದು ಈಗ ನಂಬುವುದಿಲ್ಲ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ. ವಿ. ಶೈಲೇಂದ್ರ ಕುಮಾರ್ ತಮ್ಮ ಆಸ್ತಿ ವಿವರವನ್ನು ತಾವಾಗಿಯೇ ಜನರ ಮುಂದಿಟ್ಟಾಗ ನ್ಯಾಯಾಂಗದೊಳಗೆ ಎಷ್ಟು ಅಸಮಾಧಾನ ಎದ್ದಿತ್ತೆಂದು ನನಗೆ ನೆನಪಿದೆ. ನ್ಯಾಯಮೂರ್ತಿಗಳ ಆಸ್ತಿ ವಿವರವನ್ನು ಅವರವರ ಇಚ್ಛೆಗೆ ಬಿಡದೆ ಸುಪ್ರೀಂ ಕೋರ್ಟ್ ತಾನೇ ಜನರ ಮುಂದಿಡಲು 2025ರ ಮೇ ಬರಬೇಕಾಯಿತು. ತಮ್ಮನ್ನು ಜನ ನೋಡಬಹುದು, ಕೇಳಬಹುದು ಎಂದು ಒಪ್ಪಿಕೊಂಡ ಪೀಠದ ಗೌರವ ಕುಗ್ಗುವುದಿಲ್ಲ. ಹ್ಯೂಸ್ಟನ್ನಿನ ಬಿಸಿಲಿನಲ್ಲಿ ನಾನು ಕಂಡವರ ಗೌರವ ನನ್ನ ಕಣ್ಣಲ್ಲಿ ಒಂದಿಷ್ಟೂ ಕುಗ್ಗಲಿಲ್ಲ.

ಟೆಕ್ಸಾಸಿನಲ್ಲಿ ಪೌರತ್ವ ಪಡೆದು ನೆಲೆಸಿದ ಕನ್ನಡಿಗರಲ್ಲಿ ಒಂದು ಕೋರಿಕೆ. 2022ರಲ್ಲಿ ಗೆದ್ದ ಜಿಲ್ಲಾ ನ್ಯಾಯಾಧೀಶರ ಅವಧಿ 2026ರ ಕೊನೆಗೆ ಮುಗಿಯುತ್ತದೆ, ಚುನಾವಣೆ 2026ರ ನವೆಂಬರ್ 3ರಂದು. ಮತದಾರರ ಪಟ್ಟಿಗೆ ಹೆಸರು ಸೇರಿಸಲು 30 ದಿನ ಮುಂಚೆಯೇ ಗಡುವು. ಗವರ್ನರ್ ಹೆಸರಿಗೆ ಮತ ಒತ್ತಿ ಹೊರಟುಬಿಡಬೇಡಿ. ಕೈಬರಹದ ಚೀಟಿ ಬರೆದುಕೊಂಡು ಹೋಗಿ, ನ್ಯಾಯಾಧೀಶರ ಹೆಸರಿರುವ ಕೊನೆಯ ಪುಟದವರೆಗೂ ಓದಿ ಮತ ಹಾಕಿ ಬನ್ನಿ.